ರೆಪ್ಪೆಯ ಮೇಲಿನ ಕೆಂಪು ಚುಕ್ಕೆ

ಚಿ. ಸೌ. ಪುಟ್ಟಿಗೆ,

ಮುಂಬಯಿಯ ಮಾಟುಂಗದಿಂದ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ನಿನ್ನೆ ರಾತ್ರಿ ಮಗು ಎದ್ದುಬಿಟ್ಟೀತು ಅಂತ ದನಿ ತಗ್ಗಿಸಿಕೊಂಡು ಅಳುತ್ತಿದ್ದೆಯಲ್ಲ, ಅದು ಇನ್ನೂ ಕಿವಿಯಲ್ಲೇ ಇದೆ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಅವಸರದ ಮಾತು. ನೀನು ಕಳಿಸಿದ ಮೂರೂ ಫೋಟೋ ಒಟ್ಟಿಗೆ ಇಟ್ಟು ನೋಡಿದೆ. ಹುಟ್ಟಿದ ದಿನ ರೆಪ್ಪೆಯ ಮೇಲೆ ಏನೂ ಇಲ್ಲ. ಮೂರನೇ ವಾರಕ್ಕೆ ರಾಗಿಕಾಳಿನಷ್ಟು ಕೆಂಪು. ಈಗ ಆರನೇ ವಾರ, ತೊಗರಿಕಾಳಿನಷ್ಟಾಗಿದೆ, ಮೇಲಕ್ಕೆ ಉಬ್ಬಿದೆ. ಇದು ಹೆಮಾಂಜಿಯೋಮ ಇರಬೇಕು. ಡಾಕ್ಟರು ನೋಡಿಯೇ ಹೇಳಬೇಕು, ಆದರೆ ಹೆರಿಗೆ ವಾರ್ಡಿನಲ್ಲಿ 28 ವರ್ಷ ನಾನು ಇಂಥವನ್ನು ಬಹಳ ಕಂಡಿದ್ದೇನೆ. ರಕ್ತನಾಳದ ಒಳಗೋಡೆಯ ಜೀವಕೋಶಗಳು ಒಂದೇ ಕಡೆ ಬೇಗಬೇಗ ಹೆಚ್ಚಿಕೊಂಡು ಆಗುವ ಗಂಟು ಅದು. ಹೆಣ್ಣುಮಕ್ಕಳಲ್ಲಿ ಜಾಸ್ತಿ. ತಿಂಗಳು ತುಂಬದೆ ಹುಟ್ಟಿದವರಲ್ಲಿ, ತೂಕ ಕಡಿಮೆ ಇರುವವರಲ್ಲಿ ಇನ್ನೂ ಜಾಸ್ತಿ. ನಮ್ಮ ಕೂಸು ಐದು ವಾರ ಮೊದಲೇ ಬಂದವಳು, ಅಲ್ವಾ?

"ತಾನಾಗೇ ಹೋಗುತ್ತೆ, ಬಿಡಿ" ಅಂತ ನಿಮ್ಮ ಪಕ್ಕದ ಮನೆಯವರು ಹೇಳಿದರಂತೆ. ಅದು ಸುಳ್ಳಲ್ಲ. ಮೊದಲ ಕೆಲವು ತಿಂಗಳು ಬೆಳೆದು, ಆಮೇಲೆ ವರ್ಷಗಟ್ಟಲೆ ನಿಧಾನವಾಗಿ ಕುಗ್ಗುತ್ತದೆ. ಬೆನ್ನ ಮೇಲೋ ತೊಡೆಯ ಮೇಲೋ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಇದು ಕಣ್ಣಿನ ಮೇಲಿದೆ. ರೆಪ್ಪೆ ಭಾರವಾಗಿ ಕಣ್ಣು ಮುಚ್ಚಿದರೆ ಆ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲ. ಆಮೇಲೆ ಗಂಟು ಕರಗಿದರೂ ದೃಷ್ಟಿ ಮಂದವಾಗಿಯೇ ಉಳಿಯಬಹುದು. ಐದರಿಂದ ಎಂಟನೇ ವಾರದೊಳಗೆ ಇದು ಅತಿ ಜೋರಾಗಿ ಬೆಳೆಯುತ್ತದೆ. ಅಂದರೆ ಈಗಲೇ. ಮುಂದಿನ ಲಸಿಕೆಯ ದಿನ ತೋರಿಸೋಣ ಅಂತ ಕಾಯಬೇಡ. ಮಕ್ಕಳ ಡಾಕ್ಟರು, ಚರ್ಮದ ಡಾಕ್ಟರು, ಕಣ್ಣಿನ ಡಾಕ್ಟರು, ಮೂವರೂ ಈ ವಾರವೇ ನೋಡಬೇಕು.

ಔಷಧಿ ಇದೆ, ಹೆದರಬೇಡ. ಪ್ರೊಪ್ರನೊಲಾಲ್ ಅಂತ. ರಕ್ತದೊತ್ತಡಕ್ಕೆ, ಹೃದಯದ ತೊಂದರೆಗೆ ಕೊಡುತ್ತಿದ್ದ ಹಳೆಯ ಔಷಧಿ. ಫ್ರಾನ್ಸಿನ ಬೋರ್ಡೋದಲ್ಲಿ ಒಂದು ಮಗುವಿಗೆ ಹೃದಯಕ್ಕೆಂದು ಕೊಟ್ಟಾಗ ಮುಖದ ಮೇಲಿನ ಕೆಂಪು ಗಂಟು ಮೆತ್ತಗಾಗತೊಡಗಿತು. ಅಲ್ಲಿನ ಡಾಕ್ಟರು ಅದನ್ನು 2008ರಲ್ಲಿ ಬರೆದು ಪ್ರಕಟಿಸಿದರು. ನಿನ್ನ ಮಗುವಿಗೆ ಅದನ್ನು ಶುರುಮಾಡಿದರೆ ಒಂದು ಮಾತು ಮರೆಯಬೇಡ: ಹಾಲು ಕುಡಿಸಿಯೇ ಔಷಧಿ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ರಕ್ತದ ಸಕ್ಕರೆ ಇಳಿಯುತ್ತದೆ. ಮಗು ವಾಂತಿ ಮಾಡಿಕೊಂಡರೆ, ಹಾಲು ಬಿಟ್ಟರೆ, ಉಬ್ಬಸ ಬಂದರೆ ಔಷಧಿ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡು. ಉಗುರು ಚಿಕ್ಕದಾಗಿ ಕತ್ತರಿಸಿಡು. ಸುಣ್ಣ, ಬೆಳ್ಳುಳ್ಳಿ ರಸ, ಬಿಸಿ ಎಣ್ಣೆ ಅಂತ ಯಾರೇ ಹೇಳಲಿ, ಆ ಜಾಗಕ್ಕೆ ಏನನ್ನೂ ಮುಟ್ಟಿಸಬೇಡ.

ಇನ್ನು ಸೊಂಟದ ಕೆಳಗಿನ ನೀಲಿ. ಅದಕ್ಕಾಗಿ ಮಗುವಿಗೆ ನೀರೆರೆಯುವ ಹೆಂಗಸನ್ನು ಬೈದು ಕಳಿಸಿದೆಯಂತೆ. ಅವಳನ್ನು ವಾಪಸ್ ಕರೆಸು, ಪುಟ್ಟಿ. ಆಕೆ ಏನೂ ಮಾಡಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಗರ್ಭದಲ್ಲಿ ಒಳಗಿನಿಂದ ಮೇಲಕ್ಕೆ ಬರಬೇಕು. ಕೆಲವು ನಡುದಾರಿಯಲ್ಲೇ ಉಳಿದುಬಿಡುತ್ತವೆ. ಕಪ್ಪೇ ಆದರೂ ಆಳದಲ್ಲಿ ಇರುವುದರಿಂದ ಮೇಲಿನಿಂದ ನೋಡಿದವರಿಗೆ ನೀಲಿಯಾಗಿ ಕಾಣುತ್ತವೆ. ನಮ್ಮ ಕಡೆಯ ಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಪೆಟ್ಟಿನ ಗುರುತಾದರೆ ಒಂದೆರಡು ವಾರಗಳಲ್ಲಿ ಹಸಿರಾಗಿ, ಹಳದಿಯಾಗಿ ಮಾಯವಾಗುತ್ತದೆ. ಇದು ಬಣ್ಣ ಬದಲಿಸುವುದಿಲ್ಲ, ಒತ್ತಿದರೆ ಮಗು ಅಳುವುದೂ ಇಲ್ಲ. ಶಾಲೆಗೆ ಹೋಗುವ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ಮಾಸಿರುತ್ತದೆ. ಆದರೂ ಮಗುವಿನ ಫೈಲಿನಲ್ಲಿ ಬರೆಸಿಡು, ನಾಳೆ ಬೇರೆ ಯಾರೂ ತಪ್ಪು ತಿಳಿಯುವುದು ಬೇಡ. ಕತ್ತಿನ ಹಿಂದೆ ಕೂದಲ ಕೆಳಗೆ ಇರುವ ತಿಳಿಗೆಂಪು, ಅತ್ತಾಗ ಗಾಢವಾಗುವುದು, ಅದನ್ನಂತೂ ಸುಮ್ನೆ ಬಿಟ್ಟುಬಿಡು.

ನೀನು ಕೇಳಿದೆಯಲ್ಲ, ಇನ್ನೇನನ್ನು ನೋಡಬೇಕು ಅಂತ. ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣದ ಮಚ್ಚೆ ಒಂದೆರಡು ಇದ್ದರೆ ಏನಿಲ್ಲ. 5 ಮಿಲಿಮೀಟರಿಗಿಂತ ದೊಡ್ಡವು ಆರು ಅಥವಾ ಜಾಸ್ತಿ ಇದ್ದರೆ ತೋರಿಸಬೇಕು, ನರಗಳ ಒಂದು ಕಾಯಿಲೆಯ ಸುಳಿವು ಇರಬಹುದು. ಹುಟ್ಟುವಾಗಲೇ ಕಪ್ಪು ಮಚ್ಚೆ ಇರುವುದು ನೂರರಲ್ಲಿ ಸುಮಾರು ಒಂದು ಮಗುವಿಗೆ. ತೀರಾ ದೊಡ್ಡದಿದ್ದರೆ ಮಾತ್ರ ಡಾಕ್ಟರು ಆಗಾಗ ನೋಡುತ್ತಿರಬೇಕು.

ಈಗ ನಿನ್ನನ್ನು ಅಳಿಸಿದ ಮಾತಿಗೆ ಬರುತ್ತೇನೆ. ಗ್ರಹಣದ ರಾತ್ರಿ ನೀನು ಚಾಕು ಹಿಡಿದಿದ್ದೆ, ಅದಕ್ಕೇ ಹೀಗಾಯಿತು ಅಂತ ನಿಮ್ಮ ಅತ್ತೆ ಅಂದರಂತೆ.

1980ರ ಫೆಬ್ರವರಿ 16, ಶನಿವಾರ. ಆ ಮಧ್ಯಾಹ್ನ ಕಾರವಾರ, ಹುಬ್ಬಳ್ಳಿಯ ಕಡೆ ಸೂರ್ಯ ಪೂರ್ತಿ ಮುಚ್ಚಿದ. ಮುಂಬಯಿಯಲ್ಲಿ ಕಂಡದ್ದು ಖಂಡಗ್ರಾಸ. ನನಗೆ ಆಗ ಐದು ತಿಂಗಳು. ಅತ್ತೆ ಹೇಳಿದಂತೆ ಕಿಟಕಿಗೆ ಕಂಬಳಿ ಕಟ್ಟಿ, ಕೋಣೆಯ ಮೂಲೆಯಲ್ಲಿ ಕೂತಿದ್ದೆ. ನೀರು ಕೂಡ ಕುಡಿಯಲಿಲ್ಲ, ತಲೆ ಕೂಡ ಕೆರೆದುಕೊಳ್ಳಲಿಲ್ಲ. ಜೂನ್‌ನಲ್ಲಿ ನಿನ್ನ ಅಕ್ಕ ಹುಟ್ಟಿದಳು. ಎಡಗೆನ್ನೆಯಿಂದ ದವಡೆಯವರೆಗೆ ದ್ರಾಕ್ಷಾರಸ ಚೆಲ್ಲಿದ ಹಾಗೆ ಕೆಂಪು. "ನೀನು ಏನೋ ಮಾಡಿರಬೇಕು, ಮುಚ್ಚಿಡುತ್ತಿದ್ದೀಯ" ಅಂದರು. ನಾನು ನರ್ಸ್. ದಿನವೂ ಎಳೆಗೂಸುಗಳನ್ನು ಎತ್ತಿ ಆಡಿಸುವವಳು. ಆದರೂ ಆ ಮಾತು ಮುಳ್ಳಿನ ಹಾಗೆ ನಾಟಿತು. ರಾತ್ರಿಯೆಲ್ಲ ನೆನಪು ಮಾಡಿಕೊಳ್ಳುತ್ತಿದ್ದೆ, ಕೈ ತಪ್ಪಿ ಏನಾದರೂ ಮುಟ್ಟಿದೆನಾ ಅಂತ.

ಅವಳದ್ದು ಪೋರ್ಟ್ ವೈನ್ ಸ್ಟೇನ್. ಅದು ತಾನಾಗಿ ಹೋಗುವುದಿಲ್ಲ, ಮಗುವಿನ ಜೊತೆಗೇ ಬೆಳೆಯುತ್ತದೆ. ಹಣೆಯ ಮೇಲೆ, ರೆಪ್ಪೆಯ ಮೇಲೆ ಇದ್ದರೆ ಫಿಟ್ಸ್, ಕಣ್ಣಿನೊಳಗಿನ ಒತ್ತಡ ಎರಡನ್ನೂ ನೋಡಬೇಕು. ಅವಳದ್ದು ಕೆನ್ನೆಯಲ್ಲೇ ನಿಂತಿತು. ಇವತ್ತಿನ ಹಾಗೆ ಲೇಸರ್ ಆಗ ಇರಲಿಲ್ಲ.

ಅದರ ಕಾರಣ ಗೊತ್ತಾಗಿದ್ದು 2013ರಲ್ಲಿ. ಗರ್ಭದ ಶುರುವಿನಲ್ಲೇ ಯಾವುದೋ ಒಂದು ಜೀವಕೋಶದಲ್ಲಿ ಜಿಎನ್‌ಎಕ್ಯೂ ಎಂಬ ಜೀನಿನ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಆ ಕೋಶದ ಸಂತತಿ ಹರಡಿದ ಕಡೆಯಷ್ಟೇ ಸಣ್ಣ ರಕ್ತನಾಳಗಳು ಅಗಲವಾಗಿ ಉಳಿಯುತ್ತವೆ. ತಾಯಿಯಿಂದ ಬಂದದ್ದಲ್ಲ, ತಂದೆಯಿಂದಲೂ ಅಲ್ಲ. ಓದಿ ಮುಗಿಸಿ ಬೆರಳಲ್ಲಿ ತಿಂಗಳು ಎಣಿಸಿದೆ. ಸೂರ್ಯ ಮುಚ್ಚುವ ಎಷ್ಟೋ ಮೊದಲೇ ಆ ಮಚ್ಚೆ ಹೊಟ್ಟೆಯೊಳಗೆ ಆಗಿಹೋಗಿತ್ತು. ಅಷ್ಟು ಹೊತ್ತಿಗೆ ಅತ್ತೆ ಇರಲಿಲ್ಲ. 33 ವರ್ಷ ಹೊತ್ತಿದ್ದನ್ನು ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತು ಇಳಿಸಿದೆ.

ನೀನು ಅಷ್ಟು ವರ್ಷ ಹೊರಬೇಡ, ಒಂದು ವಾರವೂ ಬೇಡ. ನಿಮ್ಮ ಅತ್ತೆ ಕೆಟ್ಟವರಲ್ಲ, ಹೆದರಿದ್ದಾರೆ. ಡಾಕ್ಟರ ಹತ್ತಿರ ಅವರನ್ನೂ ಕರೆದುಕೊಂಡು ಹೋಗು, ಕಾರಣ ಅವರ ಕಿವಿಗೂ ಬೀಳಲಿ.

ಭಾನುವಾರ ದಾದರಿನಿಂದ ಶಿವನೇರಿ ಬಸ್ ಹಿಡಿದು ಪುಣೆಗೆ ಬರುತ್ತೇನೆ. ನಿನ್ನ ಅಕ್ಕನೂ ಶಾಲೆಗೆ ರಜೆ ಹಾಕಿ ಜೊತೆಗೆ ಬರುತ್ತಿದ್ದಾಳೆ, ಮಗುವನ್ನು ಮೊದಲು ತಾನೇ ಎತ್ತಿಕೊಳ್ಳಬೇಕಂತೆ. ಅಷ್ಟರಲ್ಲಿ ದಿನವೂ ಅದೇ ಕಿಟಕಿಯ ಬೆಳಕಿನಲ್ಲಿ ರೆಪ್ಪೆಯ ಒಂದು ಫೋಟೋ ತೆಗೆದಿಡು. ಡಾಕ್ಟರ ಅಪಾಯಿಂಟ್‌ಮೆಂಟ್ ಸಿಕ್ಕ ತಕ್ಷಣ ಫೋನ್ ಮಾಡು. ಎಷ್ಟು ಹೊತ್ತಾದರೂ ಸರಿ, ಎದ್ದಿರುತ್ತೇನೆ.

ನಿನ್ನ ದೊಡ್ಡಮ್ಮ