ನೀನು ಇನ್ನೂ ಸದಸ್ಯ, ಸರದಾರ

ಸರದಾರ,

ಫೋನಿನಲ್ಲಿ ನೀನು ನಕ್ಕು ಕೇಳಿದ ಪ್ರಶ್ನೆಗೆ ಅಂದು ನನ್ನ ಬಳಿ ಉತ್ತರವಿರಲಿಲ್ಲ. "ನಾನೀಗ ಬೀಜ-ಗೊಬ್ಬರದ ಅಂಗಡಿಯವನು, ಮಾಸ್ತರನಲ್ಲ. ನಿಮ್ಮ ಸಂಘದ ಪಾವತಿ ಪುಸ್ತಕಕ್ಕೂ ನನಗೂ ಏನು ಸಂಬಂಧ?" ಎಂದೆ ನೀನು. ಉತ್ತರವನ್ನು ಈಗ ಬರೆಯುತ್ತಿದ್ದೇನೆ, ಅದೂ ಎಲ್ಲರ ಎದುರಿಗೆ. ಸಿಟ್ಟಾಗಬೇಡ. ನಿನ್ನಂತೆ ಕೆಲಸದಿಂದ ಹೊರಬಿದ್ದ ಅತಿಥಿ ಉಪನ್ಯಾಸಕರು ಇಂಡಿಯಲ್ಲಿದ್ದಾರೆ, ಸಿಂದಗಿಯಲ್ಲಿದ್ದಾರೆ, ಜಮಖಂಡಿ, ಗೋಕಾಕಗಳಲ್ಲೂ ಇದ್ದಾರೆ. ಅವರ ಮೊಬೈಲ್ ಸಂಖ್ಯೆ ಕೂಡ ಈಗ ಯಾರ ಬಳಿಯೂ ಇಲ್ಲ. ನಿನಗೆ ಬರೆದರೆ ಅವರಿಗೂ ತಲುಪೀತು ಎಂಬ ಆಸೆ.

ವಿಷಯ ಇಷ್ಟು. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಅತಿಥಿ ಉಪನ್ಯಾಸಕರೆಲ್ಲ ಸೇರಿ ಸಂಘವನ್ನು ಹೊಸದಾಗಿ ಕಟ್ಟಬೇಕೆಂದು ನಿರ್ಧರಿಸಿದ್ದೇವೆ. ಈಗ ಇರುವುದು ಏನೆಂದು ನಿನಗೆ ಗೊತ್ತೇ ಇದೆ: ಗೌರವಧನ ಮೂರು ತಿಂಗಳು ತಡವಾದರೆ ಎಚ್ಚರವಾಗುವ, ಖಾತೆಗೆ ಹಣ ಬಿದ್ದ ದಿನ ಮಲಗಿಬಿಡುವ ಒಂದು ವಾಟ್ಸ್‌ಆ್ಯಪ್ ಗುಂಪು. ಡಿಸೆಂಬರ್ ಬಂದು ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಶುರುವಾದರೆ ನಾವೆಲ್ಲ ಬೆಳಗಾವಿ ಬಸ್ ಹತ್ತುತ್ತೇವೆ. ಸುವರ್ಣ ಗಾರ್ಡನ್ ಟೆಂಟಿನಲ್ಲೋ ಕೊಂಡಸಕೊಪ್ಪದಲ್ಲೋ ಕೂರುತ್ತೇವೆ. ಯಾರೋ ಬಂದು ಮನವಿ ಪತ್ರ ತೆಗೆದುಕೊಳ್ಳುತ್ತಾರೆ, ಫೋಟೊ ಆಗುತ್ತದೆ, ರಾತ್ರಿಯ ಬಸ್ಸಿಗೆ ಮರಳುತ್ತೇವೆ. ಪಕ್ಕದ ಟೆಂಟಿನಲ್ಲಿ ಅಂಗನವಾಡಿಯ ಅಕ್ಕಂದಿರು ಕೂತಿರುತ್ತಾರಲ್ಲ, ಅವರನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಅವರಿಗೂ ಕೊಡುವುದು ಗೌರವಧನವೇ. ಆದರೆ ಅವರಿಗೆ ತಾಲೂಕು ಘಟಕವಿದೆ, ಚಂದಾ ಇದೆ, ಯಾವ ಊರಿನಿಂದ ಯಾರು ಬಂದಿದ್ದಾರೆಂಬ ಹಾಜರಿ ಇದೆ. 2022ರಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆಯರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟು, ಸಲ್ಲಬೇಕು ಎಂದು ಹೇಳಿದ್ದು ಆಕಾಶದಿಂದ ಉದುರಿದ್ದಲ್ಲ. ಅದರ ಹಿಂದೆ ದಶಕಗಳ ಚಂದಾ ಹಣವಿದೆ, ದಶಕಗಳ ಬಿಸಿಲಿದೆ.

ನಮ್ಮವರಲ್ಲಿ ಹಲವರು ಕಾನೂನಿನ ಮೇಲೆ ಪೂರ್ತಿ ಭಾರ ಹಾಕಿ ಕೂತಿದ್ದಾರೆ. ನಾನು ಈ ಬೇಸಿಗೆ ರಜೆಯಲ್ಲಿ ತೀರ್ಪುಗಳನ್ನು ಓದುತ್ತಾ ಕೂತೆ. 1978ರಲ್ಲಿ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಸಂಸ್ಥೆಯೂ ಕೈಗಾರಿಕೆಯ ವ್ಯಾಪ್ತಿಗೆ ಬರುತ್ತದೆ ಎಂದಿತು. ಹತ್ತು ವರ್ಷಗಳ ನಂತರ, 1988ರಲ್ಲಿ, ಗೋವಾದ ಒಬ್ಬ ಶಿಕ್ಷಕಿಯನ್ನು ಕೆಲಸದಿಂದ ತೆಗೆದ ಪ್ರಕರಣ ಬಂದಾಗ, ಸಂಸ್ಥೆ ಕೈಗಾರಿಕೆಯಾದರೂ ಶಿಕ್ಷಕಿ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕಳಲ್ಲ ಎಂದಿತು. ಕಲಿಸುವುದು ಉದಾತ್ತವಾದ ಕೆಲಸವಂತೆ. ಆ ಉದಾತ್ತತೆಯ ಬೆಲೆ ಏನೆಂದರೆ, ಕೆಲಸ ಹೋದ ದಿನ ಮಾಸ್ತರನಿಗೆ ಕಾರ್ಮಿಕ ನ್ಯಾಯಾಲಯದ ಬಾಗಿಲು ಇಲ್ಲ. ಅದನ್ನು ಓದಿದ ರಾತ್ರಿ ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು.

2006ರ ಉಮಾದೇವಿ ತೀರ್ಪಂತೂ ನಮ್ಮ ರಾಜ್ಯದ್ದೇ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳ ಪ್ರಕರಣ. ತಾತ್ಕಾಲಿಕವಾಗಿ ಸೇರಿದವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂಬ ಒಂದು ಸಾಲನ್ನು ಸರ್ಕಾರಗಳು ಎಷ್ಟು ವರ್ಷ ಹಿಡಿದು ಓಡಾಡಿದವು ಎಂದರೆ, 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ, ಆ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಆಯುಧವಾಗಿ ಬಳಸಲಾಗುತ್ತಿದೆ ಎಂದು ಹೇಳಬೇಕಾಯಿತು. ಹಾಗೆಂದು ಕಾನೂನು ಬದಲಾಗುವುದೇ ಇಲ್ಲ ಎಂದೇನೂ ಇಲ್ಲ. ಶಿಕ್ಷಕರಿಗೆ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುವುದಿಲ್ಲ ಎಂದು 2004ರಲ್ಲಿ ತೀರ್ಪಾಯಿತು. 2009ರಲ್ಲಿ ಸಂಸತ್ತು ಕಾಯ್ದೆಯನ್ನೇ ತಿದ್ದಿ 1997ರಿಂದ ಪೂರ್ವಾನ್ವಯ ಮಾಡಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿ 2022ರಲ್ಲಿ ಸೋತವು. ಕಾನೂನು ಬದಲಾಗುತ್ತದೆ. ಆದರೆ ಒಬ್ಬೊಬ್ಬರೇ ವಕೀಲರ ಶುಲ್ಕ ಕಟ್ಟಿ ತಂದ ತಡೆಯಾಜ್ಞೆಗಳಿಂದ ಬದಲಾಗುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ.

2022ರ ಜನವರಿಯ ಆದೇಶವನ್ನು ನೀನು ಮರೆತಿರಲಾರೆ. 11 ಸಾವಿರ, 13 ಸಾವಿರ ಇದ್ದ ಗೌರವಧನ ಒಂದೇ ಏಟಿಗೆ 26 ಸಾವಿರದಿಂದ 32 ಸಾವಿರದವರೆಗೆ ಏರಿತು. ಪತ್ರಿಕೆಗಳಲ್ಲಿ ಸಂಕ್ರಾಂತಿಯ ಕೊಡುಗೆ ಎಂದು ಬಂತು. ಅದೇ ಆದೇಶದಲ್ಲಿ ವಾರಕ್ಕೆ ಎಂಟು-ಹತ್ತು ಗಂಟೆ ಇದ್ದ ಕಾರ್ಯಭಾರ 15 ಗಂಟೆಯಾಯಿತು. ಕಾಲೇಜಿನ ಒಟ್ಟು ಗಂಟೆಗಳು ಹೆಚ್ಚಲಿಲ್ಲ, ವಿದ್ಯಾರ್ಥಿಗಳು ಹೆಚ್ಚಲಿಲ್ಲ. ಇಬ್ಬರು ಮಾಡುತ್ತಿದ್ದ ಕೆಲಸ ಒಬ್ಬನಿಗಾಯಿತು, ಅಷ್ಟೇ. ಜೊತೆಗೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಹೇಳುವ ಅರ್ಹತೆ ಇದ್ದವರು ಒಂದು ಕಡೆ, ಇಲ್ಲದವರು ಇನ್ನೊಂದು ಕಡೆ. ಐದು ವರ್ಷ ಮೇಲ್ಪಟ್ಟವರು ಒಂದು ಸಾಲು, ಕೆಳಗಿನವರು ಮತ್ತೊಂದು ಸಾಲು. ಒಂದೇ ಸ್ಟಾಫ್ ರೂಮಿನಲ್ಲಿ ಒಂದೇ ಕೆಟಲ್ಲಿನ ಚಹಾ ಕುಡಿಯುತ್ತಿದ್ದವರು ನಾಲ್ಕು ದರದವರಾದೆವು.

ನಮ್ಮ ಕಾಲೇಜಿನ ಇತಿಹಾಸ ವಿಭಾಗದಲ್ಲಿ ಆದದ್ದೂ ಅದೇ. ನಿನ್ನ ಗಂಟೆಗಳು ನನ್ನ ಕಾರ್ಯಭಾರಕ್ಕೆ ಸೇರಿದವು. ನನಗೆ ಯುಜಿಸಿಯ ಅರ್ಹತಾ ಪರೀಕ್ಷೆ ನೆಟ್ ಆಗಿತ್ತು, ನಿನಗೆ ಆಗಿರಲಿಲ್ಲ. ವಿಜಯಪುರದ ಹಳೆಯ ಬಾವಿ ತಾಜ್ ಬಾವಡಿಯ ಮೆಟ್ಟಿಲ ಮೇಲೆ ಹುಡುಗಿಯರನ್ನು ಕೂರಿಸಿ ಆದಿಲ್‌ಶಾಹಿಗಳ ನೀರಿನ ವ್ಯವಸ್ಥೆಯನ್ನು ನೀನು ವಿವರಿಸುತ್ತಿದ್ದ ಬಗೆ ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ಆದರೆ ನೇಮಕದ ಕೌನ್ಸೆಲಿಂಗ್ ಪಟ್ಟಿಯಲ್ಲಿ ಅದಕ್ಕೆ ಅಂಕವಿಲ್ಲ.

ಇದನ್ನು ಬರೆಯಬೇಕೆಂದು ಕೂತವನಲ್ಲ, ಆದರೂ ಬರೆಯುತ್ತೇನೆ. ಪಟ್ಟಿ ಪ್ರಕಟವಾದ ಸಂಜೆ ನನ್ನ ಹೆಸರು ಇದ್ದು ನಿನ್ನ ಹೆಸರು ಇಲ್ಲದ್ದನ್ನು ಕಂಡಾಗ ನನ್ನೊಳಗೆ ಮೊದಲು ಹುಟ್ಟಿದ್ದು ನಿರಾಳ. ದುಃಖ ಆಮೇಲೆ ಬಂತು, ನಿಜವಾಗಿಯೇ ಬಂತು, ಆದರೆ ಆಮೇಲೆ. ಆ ವರ್ಷ ಮಗಳ ಶಾಲೆಯ ಶುಲ್ಕವನ್ನು ಸಾಲ ಮಾಡದೆ ಕಟ್ಟಿದೆ. ಮನೆಯಲ್ಲಿ ಹೋಳಿಗೆ ಮಾಡಿದ್ದರು. ನೀನು ಫೋನ್ ಮಾಡಿ ಅಭಿನಂದಿಸಿದೆ, ನಾನು ಹೋಳಿಗೆಯ ಸುದ್ದಿ ಹೇಳಲಿಲ್ಲ. ಇಂದಿಗೂ ಮಂಗಳವಾರ ಎರಡನೇ ಅವಧಿಗೆ ಆ ಕೋಣೆಗೆ ಹೋಗುವಾಗ ಬಾಗಿಲ ಬಳಿ ಒಂದು ಕ್ಷಣ ನಿಲ್ಲುತ್ತೇನೆ. ಗೆಳೆಯನ ಹೆಸರು ಇಲ್ಲದ್ದನ್ನು ಕಂಡು ಮನುಷ್ಯನೊಬ್ಬ ನಿರಾಳನಾಗುವಂತೆ ಮಾಡುವ ಪಟ್ಟಿ ಎಂಥ ಪಟ್ಟಿ? ಅದು ವರ್ಷವರ್ಷವೂ ಬರುತ್ತದೆ. ವರ್ಷವರ್ಷವೂ ನಮ್ಮಲ್ಲಿ ಒಬ್ಬನನ್ನು ಒಳಗಿಟ್ಟು ಒಬ್ಬನನ್ನು ಹೊರಗೆ ಹಾಕುತ್ತದೆ. ಒಳಗುಳಿದವರು ಮಾತ್ರ ಸೇರಿ ಸಂಘ ಕಟ್ಟಿದರೆ, ಆ ಸಂಘ ಪ್ರತಿ ಜೂನ್ ತಿಂಗಳಲ್ಲೂ ತನ್ನ ಅರ್ಧ ಜನರನ್ನು ತಾನೇ ಬಿಟ್ಟುಕೊಡುತ್ತದೆ.

ಇದು ನಮ್ಮಲ್ಲಿ ಮಾತ್ರ ನಡೆದಿದ್ದಲ್ಲ. ದಕ್ಷಿಣ ಕೊರಿಯಾದಲ್ಲಿ ಗಂಟೆಗಿಷ್ಟು ಎಂದು ದುಡಿಯುವ ವಿಶ್ವವಿದ್ಯಾಲಯದ ಬೋಧಕರು ಬಹಳ ವರ್ಷ ಹೋರಾಡಿದರು. 2010ರಲ್ಲಿ ಅಂಥ ಒಬ್ಬ ಬೋಧಕ ಜೀವ ಕಳೆದುಕೊಂಡ ಮೇಲೆ ಕಾಯ್ದೆ ತಿದ್ದುವ ಮಾತು ಗಟ್ಟಿಯಾಯಿತು. ಮತ್ತೆ ಮತ್ತೆ ಮುಂದೂಡಿ ಕೊನೆಗೆ 2019ರ ಆಗಸ್ಟ್‌ನಲ್ಲಿ ಅದು ಜಾರಿಗೆ ಬಂತು: ಕನಿಷ್ಠ ಒಂದು ವರ್ಷದ ನೇಮಕ, ರಜೆಯ ಅವಧಿಗೂ ವೇತನ. ಆದರೆ ಜಾರಿಯಾಗುವ ಮೊದಲೇ ವಿಶ್ವವಿದ್ಯಾಲಯಗಳು ತರಗತಿಗಳನ್ನು ಒಗ್ಗೂಡಿಸಿ ಏಳು ಸಾವಿರಕ್ಕೂ ಹೆಚ್ಚು ಬೋಧಕರನ್ನು ಮನೆಗೆ ಕಳಿಸಿದ್ದವು. ಅಲ್ಲಿಯೂ ಗೆಲುವಿನ ಬಾಗಿಲಿನಿಂದಲೇ ಜನ ಹೊರಬಿದ್ದರು. ಇನ್ನೊಂದೆಡೆ ನ್ಯೂಯಾರ್ಕಿನ ನ್ಯೂ ಸ್ಕೂಲ್ ವಿಶ್ವವಿದ್ಯಾಲಯದಲ್ಲಿ ಹತ್ತಿರ ಹತ್ತಿರ ಶೇ. 90ರಷ್ಟು ಬೋಧಕರು ಅರೆಕಾಲಿಕರು. 2022ರ ನವೆಂಬರಿನಲ್ಲಿ ಅವರು ಮುಷ್ಕರ ಹೂಡಿ ಮೂರು ವಾರಕ್ಕೂ ಹೆಚ್ಚು ಕಾಲ ನಿಂತರು. ಸೆಮಿಸ್ಟರ್ ಮುಗಿಯುವ ಹೊತ್ತು, ಅಂಕ ಕೊಡಬೇಕಾದ ಹೊತ್ತು. ವಿದ್ಯಾರ್ಥಿಗಳು ಜೊತೆಗೆ ನಿಂತರು, ಒಪ್ಪಂದವಾಯಿತು. ಅವರ ಕೈಯಲ್ಲಿ ಇದ್ದದ್ದು ಸದಸ್ಯರ ಸರಿಯಾದ ಪಟ್ಟಿ ಮತ್ತು ಒಟ್ಟಿಗೆ ಕೂತು ಚೌಕಾಸಿ ಮಾಡುವ ಹಕ್ಕು. ನಮ್ಮಲ್ಲಿ ಎರಡನೆಯದು ಇಲ್ಲ; ಮೊದಲನೆಯದನ್ನಾದರೂ ನಾವೇ ಮಾಡಿಕೊಳ್ಳಬಹುದು.

ನಾವು ಏನೂ ಗೆದ್ದಿಲ್ಲ ಎಂದರೆ ಸುಳ್ಳಾಗುತ್ತದೆ. 2023ರ ನವೆಂಬರಿನಲ್ಲಿ ಶುರುವಾದ ತರಗತಿ ಬಹಿಷ್ಕಾರದ ನಂತರ ಅನುಭವಕ್ಕೆ ತಕ್ಕಂತೆ 5 ಸಾವಿರದಿಂದ 8 ಸಾವಿರದವರೆಗೆ ಹೆಚ್ಚಳ, ಆರೋಗ್ಯ ವಿಮೆ, 60 ತುಂಬಿದವರಿಗೆ 5 ಲಕ್ಷ ಎಂದು ಸರ್ಕಾರ ಘೋಷಿಸಿತು. ಆ ಚಳಿಯಲ್ಲಿ ಕೂತವರಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಸರದಾರ, ಆ 5 ಲಕ್ಷ 60ರವರೆಗೆ ಪಟ್ಟಿಯಲ್ಲಿ ಉಳಿದವರಿಗೆ. ಉಳಿಯುವುದೇ ಪ್ರಶ್ನೆಯಾಗಿರುವವರಿಗೆ ಅದು ಯಾವ ದಡದ ಮಾತು?

ನಿನ್ನ ತಂದೆಯವರನ್ನು ನೆನೆಯುತ್ತೇನೆ. ಹಳೆಯ ಬಾಗಲಕೋಟೆಯ ನಿಮ್ಮ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋದ ಮೇಲೆ, ನವನಗರದಲ್ಲಿ ನಿವೇಶನ ಸಿಕ್ಕ ಮೇಲೂ, ಅವರು ಮುಳುಗಡೆಯ ಸಭೆಗಳಿಗೆ ಹೋಗುವುದನ್ನು ಬಿಡಲಿಲ್ಲ. "ನಿಮ್ಮದು ಮುಗಿಯಿತಲ್ಲ ಕಾಕಾ" ಎಂದು ನಾನೇ ಕೇಳಿದ್ದೆ. ಅಣೆಕಟ್ಟಿನ ನೀರು 519.6 ಮೀಟರಿಗೆ ನಿಂತಾಗ ಮುಳುಗಿದವರು ಮತ್ತು ಗೇಟು 524.256 ಮೀಟರಿಗೆ ಏರಿದರೆ ಮುಳುಗುವವರು ಒಂದೇ ಜಮಖಾನೆಯ ಮೇಲೆ ಕೂರಬೇಕು ಎಂದಿದ್ದರು. ನಮ್ಮ ಸಂಘದ ನಿಯಮಾವಳಿಯ ಕರಡು ಬರೆಯುವಾಗ ನನಗೆ ಬೇರೆ ಯಾವ ಪುಸ್ತಕವೂ ಬೇಕಾಗಲಿಲ್ಲ.

ಕಾರ್ಯದರ್ಶಿಯಾಗೆಂದು ನನ್ನನ್ನು ಕೇಳಿದ್ದಾರೆ. ಹೆದರಿಕೆ ಇದೆ. ಹೆಸರು ಮುಂದೆ ಬಂದರೆ ಮುಂದಿನ ವರ್ಷದ ಕಾರ್ಯಭಾರ ಹಂಚುವವರ ಕಣ್ಣಿಗೆ ಬೀಳುತ್ತೇನೆ. ಒಂದು ಷರತ್ತಿನ ಮೇಲೆ ಒಪ್ಪಿದ್ದೇನೆ: ಒಮ್ಮೆ ಪಾಠ ಮಾಡಿದವನ ಸದಸ್ಯತ್ವ ಅವನಾಗಿಯೇ ಬಿಡುವವರೆಗೆ ಹೋಗಬಾರದು, ಹೊರಬಿದ್ದವರಿಗೂ ಮತ ಇರಬೇಕು, ಪಾಠದ ಗಂಟೆಗಳು ಖಾಲಿ ಬಿದ್ದಾಗ ಮೊದಲು ಅವರನ್ನು ಕರೆಯಬೇಕೆಂಬುದು ನಮ್ಮ ಮೊದಲ ಬೇಡಿಕೆಯಾಗಬೇಕು, ಗೌರವಧನದ ಹೆಚ್ಚಳಕ್ಕಿಂತ ಮೊದಲು. ಕೆಲವರು ಮುಖ ಸಿಂಡರಿಸಿದರು. ಸಂಘ ಕಟ್ಟುವುದೋ ನಿರಾಶ್ರಿತರ ಶಿಬಿರ ನಡೆಸುವುದೋ ಎಂದು ಒಬ್ಬರು ಕೇಳಿದರು. ಅವರಿಗೂ ಕುಟುಂಬವಿದೆ, ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಈ ಷರತ್ತನ್ನು ನಾನು ಬಿಡುವುದಿಲ್ಲ. ಸಭೆಯಲ್ಲಿ ಇದನ್ನು ನಾನು ಹೇಳಿದರೆ ಉಳಿದವನ ಉಪಕಾರದಂತೆ ಕೇಳಿಸುತ್ತದೆ. ನೀನು ಎದ್ದು ನಿಂತು ಹೇಳಬೇಕು. ಅದಕ್ಕೇ ಇಷ್ಟೊಂದು ಬರೆದೆ.

ಸಾಕು, ನಿನ್ನ ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿರಬಹುದು. ಹಿಂಗಾರಿ ಜೋಳದ ಬೀಜ ಕೊಡುವಾಗಲೂ ನೀನು ರೈತರಿಗೆ ಇಬ್ರಾಹಿಂ ಆದಿಲ್‌ಶಾಹನ ಕಥೆ ಹೇಳುತ್ತೀ ಎಂದು ಬೀಳಗಿಯ ಗೆಳೆಯರು ಸುದ್ದಿ ತಂದಿದ್ದಾರೆ; ಕೇಳಿ ಮನಸ್ಸು ಅರಳಿತು.

ಸಭೆ ಭಾನುವಾರ, ಎರಡೂ ಜಿಲ್ಲೆಯವರಿಗೆ ನಡುವೆ ಬೀಳುತ್ತದೆ ಎಂದು ಕೊಲ್ಹಾರದಲ್ಲಿ ಇಟ್ಟುಕೊಂಡಿದ್ದೇವೆ. ಬಾಗಲಕೋಟೆಯಿಂದ ಬೆಳಗಿನ ಬಸ್ಸಿಗೇ ಹೊರಡು, ಊಟಕ್ಕೆ ರೊಟ್ಟಿ, ಶೇಂಗಾ ಹಿಂಡಿ ನಾನು ತರುತ್ತೇನೆ. ಮೊಸರು ಅಲ್ಲಿಯದೇ. ನೀನು ಬರುವುದು ಖಚಿತವಾದರೆ ಫೋನ್ ಮಾಡು, ಎರಡು ಗಡಿಗೆ ಹೇಳಿಡುತ್ತೇನೆ.

ನಿನ್ನ,
ಪಕ್ಕದ ಕುರ್ಚಿಯವನು