ನಾರ್ವಿಕ್ ಬ್ಯಾಡ್ಜ್ ನಕಲಿ: ಹಣ ವಾಪಸ್ ಕೊಡಿ, ಪ್ರಮಾಣಪತ್ರ ರದ್ದು ಮಾಡಿ

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ಸೇನಾ ಪದಕಗಳ ಆನ್‌ಲೈನ್ ಹರಾಜು ಸಂಸ್ಥೆ, ಬೆಂಗಳೂರು ಕಚೇರಿ

ವಿಷಯ: ಜರ್ಮನ್ ನೌಕಾಪಡೆಯ ಡೆಸ್ಟ್ರಾಯರ್ ಬ್ಯಾಡ್ಜ್ ಎಂದು ಹೇಳಿ ನಕಲಿ ಮಾಲು ಕಳಿಸಿದ ಬಗ್ಗೆ

ಮಾನ್ಯರೇ,

ನಾನು ಕಾರವಾರದವನು. ಕೆಲಸದ ಮೇಲೆ ಜರ್ಮನಿಯ ಕೀಲ್ ಊರಿಗೆ ಬಂದು 11 ವರ್ಷ ಆಯಿತು. ಈ ವಿಷಯವಾಗಿ ನಿಮ್ಮ ಜರ್ಮನಿ ಕಚೇರಿಗೆ ಮೂರು ಇಮೇಲ್ ಬರೆದೆ. ಮೂರಕ್ಕೂ ಒಂದೇ ಉತ್ತರ ಬಂತು, ಒಂದಕ್ಷರವೂ ಬದಲಾಗದೆ. ಕೊನೆಗೆ ಫೋನ್ ಮಾಡಿದಾಗ ಬೆಂಗಳೂರಿನ ನಿಮ್ಮ ಸಿಬ್ಬಂದಿಯೊಬ್ಬರು ಸಿಕ್ಕಿದರು. "ಸರ್, ಎಲ್ಲ ವಿವರವಾಗಿ ಕನ್ನಡದಲ್ಲೇ ಬರೆದು ಕಳಿಸಿ, ಮೇಲಿನವರಿಗೆ ನಾನು ಮುಟ್ಟಿಸುತ್ತೇನೆ" ಅಂದರು. ಅವರ ಮಾತು ನಂಬಿ ಬರೆಯುತ್ತಿದ್ದೇನೆ.

ಎರಡನೇ ಮಹಾಯುದ್ಧದ ಕಾಲದ ಜರ್ಮನ್ ನೌಕಾಪಡೆಯ ಬ್ಯಾಡ್ಜ್‌ಗಳನ್ನು ಆರು ವರ್ಷದಿಂದ ಕೂಡಿಸುತ್ತಿದ್ದೇನೆ. ಕೀಲ್ ಹತ್ತಿರದ ಲಾಬೋ ಕಡಲತೀರದಲ್ಲಿ ನೌಕಾ ಸ್ಮಾರಕ ಇದೆ. ಅದರ ಎದುರು ಮರಳಿನ ಮೇಲೆ ಯು-995 ಅನ್ನುವ ಸಬ್‌ಮರೀನ್ ನಿಲ್ಲಿಸಿದ್ದಾರೆ. ಒಂದು ಭಾನುವಾರ ಅದರೊಳಗೆ ಬಗ್ಗಿಕೊಂಡು ನಡೆದಾಗ ಮೈ ನಡುಗಿತು. ಸುಮಾರು 40,000 ಸಬ್‌ಮರೀನ್ ನಾವಿಕರಲ್ಲಿ 30,000 ಮಂದಿ ತಿರುಗಿ ಬರಲಿಲ್ಲ. ಅವತ್ತಿನಿಂದ ಓದಲು ಶುರು ಮಾಡಿದೆ, ಓದು ಬ್ಯಾಡ್ಜ್‌ಗಳ ಕಡೆ ಎಳೆಯಿತು. ನನಗೆ ನಾಜಿಗಳ ಮೇಲೆ ಯಾವ ಅಭಿಮಾನವೂ ಇಲ್ಲ. ಎಳೇ ಹುಡುಗರನ್ನು ಆ ಸರ್ಕಾರ ಯಾವ ಸಮುದ್ರಕ್ಕೆ ತಳ್ಳಿತು ಅನ್ನುವುದಕ್ಕೆ ಈ ಲೋಹದ ತುಂಡುಗಳು ಸಾಕ್ಷಿ. ಸಾಕ್ಷಿ ಅಸಲಿ ಆಗಿರಬೇಕು ಅಲ್ವಾ?

ಕಳೆದ ತಿಂಗಳು ನಿಮ್ಮ ಹರಾಜಿನಲ್ಲಿ ಒಂದು ಡೆಸ್ಟ್ರಾಯರ್ ಬ್ಯಾಡ್ಜ್, ಅಂದರೆ ಡೆಸ್ಟ್ರಾಯರ್ ಅನ್ನುವ ವೇಗದ ಯುದ್ಧಹಡಗಿನ ನಾವಿಕರಿಗೆ ಕೊಡುತ್ತಿದ್ದ ಬ್ಯಾಡ್ಜ್ ಕೊಂಡೆ. ಬಿಡ್ 480 ಯೂರೋ, ನಿಮ್ಮ ಕಮಿಷನ್ 120, ಅಂಚೆ ಖರ್ಚು 14. ಒಟ್ಟು 614 ಯೂರೋ. ಮಾಲು ನಿಮ್ಮದೇ ಸಂಗ್ರಹದ್ದು ಎಂದು ಪುಟದಲ್ಲಿ ಬರೆದಿತ್ತು. ಬರ್ಲಿನ್‌ನ ಶ್ವೆರಿನ್ ಕಾರ್ಖಾನೆಯದ್ದು, ಟೊಂಬಾಕ್ ಲೋಹದ್ದು (ತಾಮ್ರ ಹೆಚ್ಚಿರುವ ಹಿತ್ತಾಳೆ), "ನಾರ್ವಿಕ್ ಕಾಳಗದಲ್ಲಿ ನಾವಿಕನ ಎದೆಯ ಮೇಲಿದ್ದದ್ದು" ಎಂದೂ ಇತ್ತು. ಜೊತೆಗೆ ನಿಮ್ಮ ತಜ್ಞರು ಸಹಿ ಹಾಕಿದ ಪ್ರಮಾಣಪತ್ರ.

ಮೊದಲು ಆ ಪ್ರಮಾಣಪತ್ರದ ಮಾತನ್ನೇ ನೋಡಿ. ನಾರ್ವೆಯ ನಾರ್ವಿಕ್‌ನಲ್ಲಿ ಎರಡು ಸಮುದ್ರ ಕಾಳಗ ನಡೆದದ್ದು 1940ರ ಏಪ್ರಿಲ್ 10 ಮತ್ತು 13ರಂದು. ಜರ್ಮನಿ ಅಲ್ಲಿಗೆ ಕಳಿಸಿದ್ದ 10 ಡೆಸ್ಟ್ರಾಯರ್‌ಗಳಲ್ಲಿ ಒಂದೂ ಉಳಿಯಲಿಲ್ಲ. ಅವರ ದಳಪತಿ ಬೋಂಟೆ ಮೊದಲ ದಿನವೇ ಸತ್ತರು. ಅದೇ ದಿನ ಬ್ರಿಟಿಷರ ಕಡೆಯ ದಳಪತಿ ವಾರ್ಬರ್ಟನ್-ಲೀ ಕೂಡ ಸತ್ತರು. ಹಡಗು ಕಳೆದುಕೊಂಡ ಜರ್ಮನ್ ನಾವಿಕರು ದಡಕ್ಕೆ ಹತ್ತಿ, ಹಿಮದಲ್ಲಿ ಕಾಲಾಳುಗಳಾಗಿ ಹೋರಾಡಿದರು. ಡೆಸ್ಟ್ರಾಯರ್ ಬ್ಯಾಡ್ಜ್ ಹುಟ್ಟಿದ್ದೇ ಈ ಕಾಳಗದ ನೆನಪಿಗೆ, ಅದೂ 1940ರ ಜೂನ್ 4ರಂದು. ಏಪ್ರಿಲ್‌ನಲ್ಲಿ ಅಂಥ ಬ್ಯಾಡ್ಜ್ ಇರಲೇ ಇಲ್ಲ! ಇಲ್ಲದ ಬ್ಯಾಡ್ಜ್ ಯಾರ ಎದೆಯ ಮೇಲಿತ್ತು? ಈ ವಿಷಯದ ಯಾವ ಪುಸ್ತಕ ತೆರೆದರೂ ಮೊದಲ ಪುಟಗಳಲ್ಲೇ ಈ ತಾರೀಕು ಸಿಗುತ್ತದೆ. ನಿಮ್ಮ ತಜ್ಞರು ಅಷ್ಟನ್ನೂ ನೋಡದೆ ಸಹಿ ಹಾಕಿದ್ದಾರೆ.

ಇನ್ನು ಮಾಲಿನ ವಿಷಯ. ಡಬ್ಬಿ ತೆರೆದು ಅಂಗೈ ಮೇಲೆ ಇಟ್ಟುಕೊಂಡಾಗಲೇ ಮನಸ್ಸಿಗೆ ಬರಲಿಲ್ಲ. ಹತ್ತು ಪಟ್ಟು ದೊಡ್ಡದಾಗಿ ಕಾಣುವ ಭೂತಗನ್ನಡಿ ಹಿಡಿದು ಕಿಟಕಿ ಹತ್ತಿರ ಕೂತೆ. ಟೊಂಬಾಕ್‌ನ ಅಸಲಿ ಬ್ಯಾಡ್ಜ್‌ಗಳನ್ನು ಉಕ್ಕಿನ ಅಚ್ಚಿನಲ್ಲಿ ಒತ್ತಿ ಮಾಡುತ್ತಿದ್ದರು. ಹಾಗಾಗಿ ಬ್ಯಾಡ್ಜಿನ ಸುತ್ತ ಹಾರದಂತಿರುವ ಓಕ್ ಎಲೆಗಳ ನರಗಳು ಚೂಪಾಗಿ ಎದ್ದಿರುತ್ತವೆ, ನಡುವಿನ ಹಡಗಿನ ಮೂತಿಯ ಅಂಚು ಬೆರಳಿಗೆ ತಾಗುತ್ತದೆ. ಇದರಲ್ಲಿ ಎಲೆಗಳೆಲ್ಲ ಚೀಪಿದ ಪೆಪ್ಪರಮಿಂಟಿನ ಹಾಗೆ ನುಣ್ಣಗಾಗಿವೆ. ಎಲೆಗಳ ಸಂದಿಯಲ್ಲಿ ಸಾಸಿವೆಗಿಂತ ಸಣ್ಣ ಗುಳಿಗಳಿವೆ. ಕರಗಿಸಿದ ಲೋಹವನ್ನು ಎರಕ ಹೊಯ್ದಾಗ ಗಾಳಿ ಸಿಕ್ಕಿಕೊಂಡು ಆಗುವ ಗುಳಿಗಳು ಅವು. ಹೊರ ಅಂಚಿನ ಸುತ್ತ ಅರದಿಂದ ಉಜ್ಜಿದ ಗೆರೆ ಇದೆ. ಹಿಂದಿನ ಪಿನ್ನಿನ ಬುಡದಲ್ಲಿ ಬೆಸುಗೆ ಇನ್ನೂ ಹೊಳೆಯುತ್ತಿದೆ, 80 ವರ್ಷದ ಹಳೇ ಬೆಸುಗೆ ಹಾಗೆ ಹೊಳೆಯುವುದಿಲ್ಲ. ಪಿನ್ ಏಳುವ ಜಾಗದಲ್ಲಿ ಉಗುರಿನಿಂದ ಕೆರೆದರೆ ಬಂಗಾರದ ಬಣ್ಣ ಪುಡಿಯಾಗಿ ಬಂತು, ಕೆಳಗೆ ಬೂದು ಸತು. ಸತುವಿನಲ್ಲೂ ಅಸಲಿ ಬ್ಯಾಡ್ಜ್‌ಗಳಿವೆ, ಯುದ್ಧ ಮುಂದುವರಿದ ಹಾಗೆ ತಾಮ್ರ ಸಿಗದೆ ಸತುವಿಗೆ ಇಳಿದರು. ಆದರೆ ನೀವು ಟೊಂಬಾಕ್ ಎಂದು ಬರೆದು ಮಾರಿದ್ದೀರಿ.

ನನ್ನ ಕಣ್ಣೊಂದನ್ನೇ ನಂಬದೆ ಹ್ಯಾಂಬರ್ಗ್‌ನ ಹಿರಿಯ ಸಂಗ್ರಾಹಕರೊಬ್ಬರ ಮನೆಗೆ ತೆಗೆದುಕೊಂಡು ಹೋದೆ. ಅವರ ಹತ್ತಿರ ಶ್ವೆರಿನ್‌ನ ಅಸಲಿ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆದೆವು. ನಿಮ್ಮದು 1 ಮಿಲಿಮೀಟರ್ ಚಿಕ್ಕದು. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದರೆ ಲೋಹ ಆರುವಾಗ ಕುಗ್ಗುತ್ತದೆ. ಅವರು ಏನೂ ಹೇಳಲಿಲ್ಲ, ಸುಮ್ನೆ ತಲೆ ಆಡಿಸಿ ವಾಪಸ್ ಕೊಟ್ಟರು. ಆ ಕ್ಷಣ ನನಗೆ ಬಹಳ ಬೇಜಾರಾಯಿತು.

"ಫೋಟೋ ನೋಡಿಯೇ ಕೊಂಡಿದ್ದೀರಿ" ಅನ್ನುತ್ತೀರಿ. ಯಾವ ಫೋಟೋ? ಜರ್ಮನಿಯ ಕಾನೂನಿನ ಪ್ರಕಾರ ನಾಜಿ ಸ್ವಸ್ತಿಕವನ್ನು ಮುಚ್ಚಿ ತೋರಿಸುತ್ತೀರಿ, ಅದು ಸರಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮುಚ್ಚಿದ ಬಿಳಿ ಚೌಕ ಆ ಸ್ವಸ್ತಿಕ ಹಿಡಿದ ಹದ್ದಿನ ರೆಕ್ಕೆಯನ್ನೂ ಅರ್ಧ ನುಂಗಿತ್ತು. ಹಿಂಭಾಗದ ಫೋಟೋ ಒಂದೇ, ಅದೂ ಮಸುಕು. ಹರಾಜು ಮುಗಿಯುವ ಎರಡು ದಿನ ಮೊದಲೇ ಪಿನ್ ಮತ್ತು ಕೊಕ್ಕೆಯ ಹತ್ತಿರದ ಫೋಟೋ ಕೇಳಿದ್ದೆ. ಉತ್ತರ ಬರಲಿಲ್ಲ. ಪ್ರಮಾಣಪತ್ರ ಇದೆಯಲ್ಲ ಎಂದು ನಂಬಿ ಬಿಡ್ ಮಾಡಿದೆ.

"ಹರಾಜಿನ ಮಾಲು ವಾಪಸ್ ಇಲ್ಲ" ಅನ್ನುವುದು ನಿಮ್ಮ ಮೂರು ಇಮೇಲ್‌ಗಳ ಮಾತು. ನಿಮ್ಮದು ಗಡಿಯಾರ ಮುಗಿದ ಕೂಡಲೇ ಮುಗಿಯುವ ಇಂಟರ್ನೆಟ್ ಹರಾಜು. ಇಂಥದ್ದರಲ್ಲಿ ವ್ಯಾಪಾರಿಯಿಂದ ಕೊಂಡ ಗ್ರಾಹಕನಿಗೆ ವಾಪಸ್ ಕೊಡುವ ಹಕ್ಕು ಇದೆ ಎಂದು ಜರ್ಮನಿಯ ಫೆಡರಲ್ ನ್ಯಾಯಾಲಯ 2004ರಲ್ಲೇ ತೀರ್ಪು ಕೊಟ್ಟಿದೆ. ಅದಕ್ಕೆ 14 ದಿನದ ಗಡುವು. ನಾನು ನಾಲ್ಕನೇ ದಿನವೇ ಬರೆದು ತಿಳಿಸಿದ್ದೇನೆ.

614 ಯೂರೋ ಪೂರ್ತಿ ವಾಪಸ್ ಬರಬೇಕು, ಕಮಿಷನ್ ಸೇರಿ. ಅದಕ್ಕಿಂತ ಜಾಸ್ತಿ ಮುಖ್ಯವಾದದ್ದು ಇನ್ನೊಂದಿದೆ. ಈ ಪ್ರಮಾಣಪತ್ರವನ್ನು ರದ್ದು ಮಾಡಿ, ನಿಮ್ಮ ಹಳೇ ಹರಾಜುಗಳ ಪಟ್ಟಿಯಲ್ಲಿ ಈ ಮಾಲಿನ ಮುಂದೆ "ನಕಲಿ" ಎಂದು ಬರೆಯಿರಿ. ಈಗ ಅಲ್ಲಿ ಅದು ಅಸಲಿ ಎಂದೇ ಇದೆ. ಹೊಸದಾಗಿ ಕಲಿಯುವ ಹುಡುಗರು ಆ ಫೋಟೋ ನೋಡಿ ಅಸಲಿ ಹೀಗಿರುತ್ತದೆ ಎಂದು ಕಲಿಯುತ್ತಾರೆ. ವಾಪಸ್ ಬಂದ ಮೇಲೆ ಇದೇ ಬ್ಯಾಡ್ಜನ್ನು ಇನ್ನೊಬ್ಬರಿಗೆ ಮಾರುವುದಿಲ್ಲ ಎಂದು ಬರವಣಿಗೆಯಲ್ಲಿ ಕೊಡಿ.

ಅಳತೆ ತೆಗೆದ ಫೋಟೋಗಳು, ಭೂತಗನ್ನಡಿಯಲ್ಲಿ ತೆಗೆದ ಒಂಬತ್ತು ಚಿತ್ರಗಳು, ಹಣ ಕಟ್ಟಿದ ರಸೀದಿ, ಮೂರು ಇಮೇಲ್‌ಗಳ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಬ್ಯಾಡ್ಜ್ ನೀವು ಕಳಿಸಿದ ಡಬ್ಬಿಯಲ್ಲೇ ಇದೆ. ಯಾವ ವಿಳಾಸಕ್ಕೆ ಕಳಿಸಬೇಕು ಎಂದು ಎರಡು ವಾರದೊಳಗೆ ತಿಳಿಸಿ. ಉತ್ತರ ಬರದಿದ್ದರೆ ಇಲ್ಲಿನ ಗ್ರಾಹಕ ಸಲಹಾ ಕೇಂದ್ರಕ್ಕೆ ಇದೇ ಕಾಗದಗಳನ್ನು ಕೊಡುತ್ತೇನೆ.

ಫೋನಿನಲ್ಲಿ ನನ್ನ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಂಡ ನಿಮ್ಮ ಬೆಂಗಳೂರಿನ ಸಿಬ್ಬಂದಿಗೆ ನನ್ನ ಧನ್ಯವಾದ ತಿಳಿಸಿ.

ಇಂತಿ,
ನಿಮ್ಮ ಗ್ರಾಹಕ,
ಕೀಲ್, ಜರ್ಮನಿ