ಸೀನನಿಗೆ, ನನ್ನ ಎಡಗಣ್ಣಿನ ವಿಷಯ

ಪ್ರೀತಿಯ ಸೀನ,

ಫೋನಲ್ಲಿ ಹೇಳಿದ್ದರೆ ನೀನು ಮಧ್ಯೆ ಬಾಯಿ ಹಾಕುತ್ತಿದ್ದೆ, ಅದಕ್ಕೇ ಪತ್ರ. ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ. ಓದುವವರ ಮನೆಯಲ್ಲಿ ನನ್ನಂಥ ಕಣ್ಣಿನ ಮಗು ಇದ್ದರೂ ಇರಬಹುದು.

ನನ್ನ ಸೋಮಾರಿ ಕಣ್ಣು ನಿನಗೆ ಗೊತ್ತು. ಚಿಕ್ಕಂದಿನಲ್ಲೇ ಮಿದುಳು ಅದನ್ನು ಕೈಬಿಟ್ಟಿತು. ಎಳೆಯ ಬೆಕ್ಕಿನ ಮರಿಯ ಒಂದು ಕಣ್ಣು ಮುಚ್ಚಿಟ್ಟರೆ ದೃಷ್ಟಿ ಕಾರ್ಟೆಕ್ಸಿನ (ನೋಟವನ್ನು ನೋಡಿಕೊಳ್ಳುವ ಮಿದುಳಿನ ಹೊರಪದರದ) ನರಕೋಶಗಳು ಇನ್ನೊಂದು ಕಣ್ಣಿನ ಪಾಲಾಗುತ್ತವೆ ಎಂದು ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು 1963ರಲ್ಲೇ ತೋರಿಸಿದ್ದರು. ಬೆಳೆದ ಬೆಕ್ಕಿನಲ್ಲಿ ಹಾಗಾಗಲಿಲ್ಲ. ನನಗೆ ಡಾಕ್ಟರು ‘ವಯಸ್ಸು ಮೀರಿತು’ ಅಂದದ್ದೂ ಇದೇ ಲೆಕ್ಕದಲ್ಲಿ.

ಈಚೆಗೆ ನನ್ನನ್ನು ಹಿಡಿದು ಕೂರಿಸಿದ್ದು ಬೇರೆಯೇ ಪ್ರಯೋಗ. 1982ರಲ್ಲಿ ಸಿಂಗರ್ ಮತ್ತು ರೌಶೆಕರ್ ಪ್ರಕಟಿಸಿದ್ದು. ಅರಿವಳಿಕೆ ಕೊಟ್ಟ ಮರಿಗಳ ಒಂದೇ ಕಣ್ಣಿಗೆ ದೃಶ್ಯ ತೋರಿಸಿದರು. ಕಣ್ಣು ತೆರೆದೇ ಇತ್ತು. ಕಾರ್ಟೆಕ್ಸ್ ಮಾತ್ರ ಬದಲಾಗಲಿಲ್ಲ. ಅದೇ ಹೊತ್ತಿಗೆ ಆಳದಲ್ಲಿರುವ ಮಧ್ಯಮಿದುಳನ್ನೋ ಕಣ್ಣು ಕಿವಿಗಳ ಸುದ್ದಿಯನ್ನು ಕಾರ್ಟೆಕ್ಸಿಗೆ ದಾಟಿಸುವ ಥಾಲಮಸ್ಸಿನ ಒಳಭಾಗವನ್ನೋ ವಿದ್ಯುತ್ತಿನಿಂದ ಎಚ್ಚರಿಸಿದಾಗ ಕೋಶಗಳು ಬದಲಾಗತೊಡಗಿದವು! ಕಣ್ಣಿಗೆ ಬಿದ್ದರೆ ಸಾಲದು ಸೀನ, ‘ಇದು ಬೇಕಾದ್ದು’ ಅಂತ ಕೆಳಗಿನಿಂದ ಅಪ್ಪಣೆ ಬರಬೇಕು. ಆ ಅಪ್ಪಣೆ ಹೊತ್ತು ತರುವುದು ಎರಡು ರಾಸಾಯನಿಕಗಳು: ಮಿದುಳುಕಾಂಡದ ನಾರ್‌ಅಡ್ರಿನಲಿನ್, ಮುಮ್ಮಿದುಳಿನ ತಳದ ಅಸಿಟೈಲ್‌ಕೋಲಿನ್. ಎರಡನ್ನೂ ಒಟ್ಟಿಗೆ ತಡೆದರೆ ಬದಲಾಗುವ ಗುಣವೇ ಕುಗ್ಗುತ್ತದೆ ಎಂದು 1986ರಲ್ಲಿ ಬೇರ್ ಮತ್ತು ಸಿಂಗರ್ ಕಂಡುಕೊಂಡರು.

2014ರಲ್ಲಿ ಕನೆಕೊ ಮತ್ತು ಸ್ಟ್ರೈಕರ್, ಬಹುಕಾಲ ಒಂದು ಕಣ್ಣು ಮುಚ್ಚಿಟ್ಟಿದ್ದ ಇಲಿಗಳನ್ನು ಬೆಳೆದ ಮೇಲೆ ದೃಶ್ಯ ತೋರಿಸುತ್ತಾ ಓಡಿಸಿದರು. ಆ ಕಣ್ಣಿಗೆ ಕಾರ್ಟೆಕ್ಸ್ ಮತ್ತೆ ಚೆನ್ನಾಗಿ ಸ್ಪಂದಿಸತೊಡಗಿತು. ಬರೀ ಓಟಕ್ಕೂ ಬರೀ ನೋಟಕ್ಕೂ ಅಷ್ಟು ಫಲ ಸಿಗಲಿಲ್ಲ.

ಇಲಿಗೆ ಆದದ್ದು ನನಗೂ ಆಗುತ್ತದೆ ಅಂತ ಹೇಳುತ್ತಿಲ್ಲ. ಆದರೆ ಒಳ್ಳೆಯ ಕಣ್ಣು ಕಳೆದುಕೊಂಡ ಕೆಲವು ದೊಡ್ಡವರಲ್ಲಿ ಸೋಮಾರಿ ಕಣ್ಣು ಸುಧಾರಿಸಿದ್ದು ದಾಖಲಾಗಿದೆ. ಅದನ್ನು ಓದಿ ಖುಷಿಯಾಗಬೇಕಿತ್ತು, ಭಯವಾಯಿತು. ಬಲಗಣ್ಣಿಗೆ ಏನಾದರೂ ಆದರೆ ಅನ್ನುವ ಹೆದರಿಕೆ ನನಗೆ ಎಷ್ಟೋ ವರ್ಷಗಳಿಂದ ಇದೆ. ಮನೆಯಲ್ಲೂ ಹೇಳಿಲ್ಲ. ಮಗಳು ಮಲಗಿದ ಮೇಲೆ ಬಲಗಣ್ಣು ಮುಚ್ಚಿಕೊಂಡು ಅವಳ ಮುಖ ನೋಡುತ್ತೇನೆ. ಮೂಗು ಸಿಗುತ್ತದೆ, ತುಟಿ ಸಿಗುವುದಿಲ್ಲ. ಅವಳ ಕಣ್ಣುಗಳನ್ನು ಮೂರನೇ ವರ್ಷಕ್ಕೇ ತಪಾಸಣೆ ಮಾಡಿಸಿದ್ದೇನೆ. ಎರಡೂ ಚೆನ್ನಾಗಿವೆ. ಅಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಇಷ್ಟೆಲ್ಲಾ ಬರೆಯುವ ಯೋಚನೆ ಇರಲಿಲ್ಲ ಕಣೋ. ಇರಲಿ ಬಿಡು. ಭಾನುವಾರ ಶಟಲ್ ಆಡೋಕೆ ಬಾ. ಸರ್ವೀಸ್ ಎಲ್ಲಾ ನನ್ನ ಎಡಕ್ಕೇ ಹಾಕು. ನಮ್ಮ ಹಳೇ ರೂಲ್ಸ್ ಈ ಸಲವೂ ಜಾರಿಯಲ್ಲಿರುತ್ತೆ, ಬೋಂಡಾ ನಿಂದು.

ನಿನ್ನ,
ಗುಂಡ